ಕೊನೆಯ ಪುಟದಿಂದ ಓದುವ ಕಾಕಾ

ನಮ್ಮ ಕಾಕಾ ಓದಿದ ಕಥೆಗಳಲ್ಲಿ ಇದುವರೆಗೆ ಒಬ್ಬರೂ ಸತ್ತು ಮುಗಿದಿಲ್ಲ. ಸಾಯುವವರು ಆರಂಭದಲ್ಲೇ ಸಾಯುತ್ತಾರೆ. ಕಥೆ ಮುಗಿಯುವ ಹೊತ್ತಿಗೆ ಎದ್ದು, ಗಾಯ ಮಾಯಿಸಿಕೊಂಡು, ಕತ್ತಿಯನ್ನು ಒರೆಗೆ ಸೇರಿಸಿ, ವಯಸ್ಸನ್ನೂ ಇಳಿಸಿಕೊಂಡು ತಾಯಿಯ ಮನೆಗೆ ಊಟಕ್ಕೆ ಬಂದಿರುತ್ತಾರೆ. ಸುಟ್ಟ ಊರಿನ ಹೊಗೆ ಮರಳಿ ಬೆಂಕಿಯಾಗಿ, ಬೆಂಕಿ ಮರಳಿ ಮಾಡಾಗಿ, ಮಾಡಿನ ಕೆಳಗೆ ಮುದುಕಿಯೊಬ್ಬಳು ಅಕ್ಕಿ ಆರಿಸುತ್ತಿರುತ್ತಾಳೆ. ಇಷ್ಟು ಕರುಣೆಯ ಸಾಹಿತ್ಯವನ್ನು ಯಾವ ದೇಶದವರು ಬರೆಯುತ್ತಾರೆ ಎಂದು ನೀವು ಕೇಳಬಹುದು. ಯಾರೂ ಬರೆಯುವುದಿಲ್ಲ. ಜಪಾನಿನವರು ಬೇರೆಯೇ ಉದ್ದೇಶದಿಂದ ಬರೆದ ಚಿತ್ರಕಥೆಗಳನ್ನು, ಅಂದರೆ ಮಾಂಗಾಗಳನ್ನು, ನಮ್ಮ ಕಾಕಾ ತುದಿಯಿಂದ ಬುಡಕ್ಕೆ ಓದುತ್ತಾನೆ, ಅಷ್ಟೆ.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಅಣ್ಣ-ತಮ್ಮ ಇಬ್ಬರೂ ಧಾರವಾಡದಿಂದ ಪುಣೆಗೆ ಬಂದವರು. ಅಪ್ಪನ ಮನೆ ಸದಾಶಿವ ಪೇಠೆಯಲ್ಲಿ, ಕಾಕಾನ ಮನೆ ಕೋಥರೂಡಿನಲ್ಲಿ. ಕಾಕಾ ತಳೇಗಾಂವದ ಕಾರಖಾನೆಯೊಂದರ ಉಗ್ರಾಣದಲ್ಲಿ ಕೆಲಸಕ್ಕಿದ್ದ. ತೊಂಬತ್ತರ ದಶಕದ ಕೊನೆಯಲ್ಲಿ ಹೊಸ ಯಂತ್ರ ಕೂರಿಸಲು ಜಪಾನಿನಿಂದ ಬಂದಿದ್ದ ತಂತ್ರಜ್ಞರು ಊರಿಗೆ ಮರಳುವಾಗ ಅತಿಥಿಗೃಹದಲ್ಲಿ ರಟ್ಟಿನ ಪೆಟ್ಟಿಗೆಯ ತುಂಬ ಈ ಪುಸ್ತಕಗಳನ್ನು ಬಿಟ್ಟುಹೋದರು. ರದ್ದಿಗೆ ಹೋಗಬೇಕಾಗಿದ್ದ ಆ ಪೆಟ್ಟಿಗೆಯನ್ನು ಕಾಕಾ ಕೇಳಿ ಪಡೆದು, ಹೆಗಲ ಮೇಲೆ ಹೊತ್ತು, ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಮನೆಗೆ ತಂದ.

"ಅವರ ಅಕ್ಷರ ನಿಮಗ ಬರೂದಿಲ್ಲ, ಏನ್ ಓದ್ತೀರಿ ಇದರಾಗ?" ಎಂದಳು ಕಾಕು, ಅಂದರೆ ಕಾಕಾನ ಹೆಂಡತಿ.

"ಚಿತ್ರಕ್ಕ ಅಕ್ಷರ ಯಾಕ ಬೇಕ? ನಿನ್ನ ಮಾರಿ ನೋಡಿದ್ರ ಸಿಟ್ಟು ಬಂದದ ಅಂತ ತಿಳೀತದ. ಅಲ್ಲೇನು ಬರದಿರ್ತದೇನು?"

ಜಪಾನಿ ಪುಸ್ತಕ ನಮ್ಮ ಪುಸ್ತಕಗಳಿಗೆ ತದ್ವಿರುದ್ಧ. ನಾವು ಹಿಂಬದಿಯ ರಟ್ಟು ಎನ್ನುವುದೇ ಅದರ ಮುಖಪುಟ. ಓದು ಬಲದಿಂದ ಎಡಕ್ಕೆ ಸಾಗುತ್ತದೆ. ಕಾಕಾನಿಗೆ ಇದನ್ನು ಹೇಳುವವರು ಯಾರು? ಆತ ಎಲ್ಲ ಕನ್ನಡಿಗರಂತೆ ಎಡಗಡೆಯ ರಟ್ಟು ತೆಗೆದು ಓದತೊಡಗಿದ. ಪುಸ್ತಕಗಳ ಬೆನ್ನಿನ ಮೇಲಿನ ಭಾಗಸಂಖ್ಯೆಗಳನ್ನು ಅನುಸರಿಸಿ ಎರಡು, ಮೂರು, ನಾಲ್ಕು ಎಂದು ಏರುತ್ತ ಹೋದರೆ ಕಥೆ ಒಂದಕ್ಕೊಂದು ಕೂಡಲಿಲ್ಲ. ದೊಡ್ಡ ಅಂಕಿಯಿಂದ ಕೆಳಗಿಳಿದರೆ ಸರಾಗವಾಗಿ ಕೂಡಿತು. ಉಗ್ರಾಣದ ಮನುಷ್ಯ, ತಕ್ಷಣ ಸಿದ್ಧಾಂತ ಕಟ್ಟಿದ: "ಇವರದು ರಾಕೆಟ್ ಬಿಡೋ ಎಣಿಕಿ. ಹತ್ತು, ಒಂಬತ್ತು, ಎಂಟು, ಹಿಂಗ."

ನಾನು ಆಗ ವಿಶ್ವವಿದ್ಯಾಲಯದಲ್ಲಿ ಸಾಹಿತ್ಯ ಓದುವ ಹುಡುಗಿ, ಪುಣೆಯ ಅರ್ಧ ತರುಣರಂತೆ ಸಂಜೆ ಜಪಾನಿ ಭಾಷೆಯ ತರಗತಿಗೂ ಹೋಗುತ್ತಿದ್ದೆ. ಸತ್ಯವನ್ನು ತಿಳಿಸುವುದು ನನ್ನ ಹೊಣೆ ಎಂದು ಬಗೆದು ಕೋಥರೂಡಿಗೆ ಹೋಗಿ ಎಲ್ಲವನ್ನೂ ಬಿಡಿಸಿ ಹೇಳಿದೆ. ಕಾಕಾ ಕೈಯಲ್ಲಿದ್ದ ಪುಸ್ತಕವನ್ನು ಒಮ್ಮೆ ಮಗುಚಿ ನೋಡಿದ.

"ಹಂಗಾದ್ರ ಇವರ ಕಥಿ ಎಲ್ಲಾ ಕೆಟ್ಟು ಮುಗೀತಾವಲ್ಲವಾ."

"ಬರದವರು ಹಂಗ ಬರದಾರ, ಕಾಕಾ."

"ಅದು ಅವರ ತಪ್ಪು. ಅದಕ್ಕ ನಾ ಯಾಕ ದಂಡಾ ಕಟ್ಟಲಿ?"

ನಾನು ಲೇಖಕನ ಪರವಾಗಿ ಬಹಳ ಹೊತ್ತು ವಾದಿಸಿದೆ. ಕಾಕಾ ಎಲ್ಲವನ್ನೂ ಕೇಳಿ, ಲೇಖಕನ ಪರವಾಗಿ ನನಗೆ ಎರಡು ಸಲ ಚಹಾ ಕುಡಿಸಿ, ಮತ್ತೆ ಎಡಗಡೆಯ ರಟ್ಟನ್ನೇ ತೆಗೆದ.

ಅಂದಿನಿಂದ ಆತನ ಅಭಿಪ್ರಾಯಗಳಿಗೆ ನಾನು ಖಾಯಂ ಶ್ರೋತೃ. ಅಡುಗೆಯವನೊಬ್ಬನ ಸಾಹಸಗಳ ಮಾಲಿಕೆಯೊಂದಿತ್ತು. ಸ್ಪರ್ಧೆಗಳಲ್ಲಿ ಗೆದ್ದು ಗೆದ್ದು ಜಗದ್ವಿಖ್ಯಾತನಾಗುವ ಆ ತರುಣ ಕಾಕಾನ ಓದಿನಲ್ಲಿ ಕಿರೀಟ ಬಿಚ್ಚಿಟ್ಟು, ಬೆಂದ ಬದನೆಕಾಯಿಯನ್ನು ಹಸಿ ಮಾಡಿ, ಹೆಚ್ಚಿದ ಹೋಳುಗಳನ್ನು ಕೂಡಿಸಿ, ಇಡೀ ಕಾಯಿಯನ್ನು ಸಂತೆಯವಳಿಗೆ ಹಿಂದಿರುಗಿಸುತ್ತಾನೆ. "ಒಂದ್ ಕಾಯಿ ಹಾಳು ಮಾಡಲಿಲ್ಲ. ಸ್ವಚ್ಛ ಹುಡುಗ," ಎಂದು ಕಾಕಾ ಕಾಕುವಿನ ಕಡೆ ನೋಡಿದ. "ನಾಳಿಂದ ನಿಮ್ಮ ತಾಟಿನಾಗೂ ಹಸೀ ಬದನಿಕಾಯಿ ಇಡ್ತೀನ್ರಿ," ಎಂದು ಒಳಗಿನಿಂದ ಉತ್ತರ ಬಂತು.

ಆಟದ ತಂಡವೊಂದರ ಕಥೆಯನ್ನು ಆತ ವೈರಾಗ್ಯದ ಕಥೆ ಎಂದು ವರ್ಗೀಕರಿಸಿದ್ದ. ಏಕೆನ್ನುವಿರಾ? ತಂಡ ಮೊದಲು ಕಪ್ಪನ್ನು ಬಿಟ್ಟುಕೊಡುತ್ತದೆ, ಆಮೇಲೆ ಗೆಲುವನ್ನು, ಆಮೇಲೆ ಆಟವನ್ನೇ. ಕಡೆಗೆ ನಾಯಕ ಆ ಆಟದ ಹೆಸರೂ ಕೇಳದವನಾಗಿ ಕಿಟಕಿಯ ಬಳಿ ಆಕಳಿಸುತ್ತ ಕೂತಿರುತ್ತಾನೆ. "ಎಷ್ಟ್ ಸಮಾಧಾನ ಅದ ನೋಡು ಮಾರಿಮ್ಯಾಲೆ!" ಹುಡುಗಿಯರಿಗಾಗಿ ಬರೆದ ಪ್ರೇಮಕಥೆಯ ಬಗ್ಗೆಯಂತೂ ಆತನಿಗೆ ಅಭಿಮಾನವೇ ಇತ್ತು. ಅದರಲ್ಲಿ ಮೊದಲು ಮದುವೆ, ಆಮೇಲೆ ಪ್ರೀತಿ, ಆಮೇಲೆ ನಾಚಿಕೆ, ಎಲ್ಲಕ್ಕಿಂತ ಕೊನೆಗೆ ಪರಿಚಯ. "ಇದು ಜಪಾನಿಂದಲ್ಲ ಬಿಡವಾ, ನಮ್ಮ ಧಾರವಾಡದ್ದು. ನಿಮ್ಮ ಕಾಕು ಎಂಥಾಕಿ ಅಂತ ನನಗ ಇನ್ನೂ ಪೂರಾ ಗೊತ್ತಾಗಿಲ್ಲ." ಆ ನಾಯಕಿಯ ದೊಡ್ಡ ದೊಡ್ಡ ಕಣ್ಣುಗಳ ಬಗ್ಗೆ ಕಾಕುವಿಗೂ ಒಂದೇ ಒಂದು ಅಭಿಪ್ರಾಯವಿತ್ತು: "ಥೈರಾಯ್ಡ್ ಇರಬೇಕು. ಯಾರರ ತೋರಸ್ಲಿಕ್ಕೆ ಹೇಳ್ರಿ."

ಆದರೆ ಕಾಕಾನ ಜೀವ ನೆಟ್ಟಿದ್ದುದು ಇನ್ನೊಂದು ಮಾಲಿಕೆಯ ಮೇಲೆ. ಅದು ಇಬ್ಬರು ಕತ್ತಿವರಸೆಯವರ ಕಥೆ. ಆತನ ಕ್ರಮದಲ್ಲಿ ಅದು ಸುಟ್ಟ ಊರಿನಲ್ಲಿ ಆರಂಭವಾಗುತ್ತದೆ. ಒಬ್ಬ ನೆಲಕ್ಕೆ ಬಿದ್ದಿದ್ದಾನೆ, ಇನ್ನೊಬ್ಬ ಕತ್ತಿ ಹಿಡಿದು ನಿಂತಿದ್ದಾನೆ. ಬಿದ್ದವನು ಏಳುತ್ತಾನೆ. ಭಾಗದಿಂದ ಭಾಗಕ್ಕೆ ಗಾಯಗಳು ಕಡಿಮೆಯಾಗುತ್ತವೆ, ಇಬ್ಬರ ನಡುವಿನ ದೂರವೂ ಕಡಿಮೆಯಾಗುತ್ತದೆ. ಎರಡನೆಯ ಭಾಗಕ್ಕೆ ಬರುವಷ್ಟರಲ್ಲಿ ಅವರು ಹದಿಹರೆಯದವರು. ಒಂದೇ ಪಾತ್ರೆಯಿಂದ ಉಣ್ಣುತ್ತಾರೆ, ಆದರೆ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಅಲ್ಲಿಗೆ ನಿಂತಿತು. ಪೆಟ್ಟಿಗೆಯಲ್ಲಿ ಒಂದನೆಯ ಭಾಗವಿರಲಿಲ್ಲ. ಬೇರೆ ಓದುಗನಿಗೆ ಕಳೆದದ್ದು ಆರಂಭ. ಕಾಕಾನಿಗೆ ಕಳೆದದ್ದು ಅಂತ್ಯ.

"ಒಂದನೇದರಾಗ ಮಾತಾಡ್ತಾರ ಅವರು. ಮಾತಾಡಲೇಬೇಕು," ಎನ್ನುತ್ತಿದ್ದ.

ಈಗ ನಾನು ನಗುವನ್ನು ಸ್ವಲ್ಪ ಬದಿಗಿಟ್ಟು ಒಂದು ಲೆಕ್ಕ ಕೇಳಬೇಕಾಗಿದೆ. ನಮ್ಮ ಅಜ್ಜನ ಶ್ರಾದ್ಧ ಪ್ರತಿವರ್ಷ ಸದಾಶಿವ ಪೇಠೆಯ ಮನೆಯಲ್ಲಿ ನಡೆಯುತ್ತಿತ್ತು. ಹಿರಿಯ ಮಗನಾದ ಅಪ್ಪ ಮಾಡುವವನು. ಕಿರಿಯವನಾದ ಕಾಕಾ ಅವನ ಬೆನ್ನ ಹಿಂದೆ ಮಣೆಯ ಮೇಲೆ ಕೂರುವವನು. ಒಟ್ಟಾಗಿ ಶ್ರಾದ್ಧ ಮಾಡುವ ಅಣ್ಣತಮ್ಮಂದಿರ ಪದ್ಧತಿ ಅದು. ದೇವರ ಕೆಲಸಕ್ಕೆ ಜನಿವಾರ ಎಡಹೆಗಲ ಮೇಲಿರಬೇಕು, ಪಿತೃಗಳ ಕೆಲಸಕ್ಕೆ ಬಲಹೆಗಲಿಗೆ ಬರಬೇಕು. ಒಂದೇ ಬೆಳಿಗ್ಗೆ ಎಷ್ಟೋ ಸಲ ಅತ್ತಿಂದಿತ್ತ ಆಗುತ್ತದೆ. ಆಚಾರ್ಯರು ಹೇಳಿದಾಗಲೆಲ್ಲ ಅಪ್ಪ ಒಂದು ಹೆಗಲಿಗೆ ಬದಲಿಸಿದರೆ ಕಾಕಾ ಶ್ರದ್ಧೆಯಿಂದ ಇನ್ನೊಂದಕ್ಕೆ ಬದಲಿಸುತ್ತಿದ್ದ. ಮಾಂಗಾದ ಪೆಟ್ಟಿಗೆ ಬಂದು ಎರಡು ಮೂರು ವರ್ಷಗಳಾಗಿದ್ದವು. ಒಂದು ಶ್ರಾದ್ಧದ ದಿನ, ಮನೆ ತುಂಬ ಬಂಧುಗಳಿರುವಾಗ, ಅಪ್ಪ ತಿರುಗಿ ನೋಡಿ ಹೇಳಿಬಿಟ್ಟ:

"ಪುಸ್ತಕಾನೂ ಉಲ್ಟಾ, ಜನಿವಾರಾನೂ ಉಲ್ಟಾ. ಎಡಾ ಯಾವುದು ಬಲಾ ಯಾವುದು ಅಂತ ನಿನಗ ಅಪ್ಪ ಇದ್ದಾಗೂ ತಿಳೀಲಿಲ್ಲ, ಹೋದಮ್ಯಾಲೂ ತಿಳೀಲಿಲ್ಲ."

ಎಲ್ಲರೂ ನಕ್ಕರು. ಕಾಕಾನೂ ನಕ್ಕ. ನಕ್ಕು, ಎದ್ದು, ಅಂಗಿ ತೊಟ್ಟು, ಉಣ್ಣದೆ ಹೊರಟುಹೋದ.

ಮರುವರ್ಷ ಅದೇ ತಿಥಿಯಂದು ಅದೇ ಅಜ್ಜನ ಶ್ರಾದ್ಧ ಎರಡು ಮನೆಗಳಲ್ಲಿ ನಡೆಯಿತು. ಅದರ ಮರುವರ್ಷವೂ, ಆಮೇಲೆಯೂ. ಪಾಪ, ಅಜ್ಜ ಸದಾಶಿವ ಪೇಠೆಯಲ್ಲಿ ಉಂಡು, ಬಿಸಿಲಲ್ಲಿ ಕೋಥರೂಡಿಗೆ ಹೋಗಿ, ಮತ್ತೊಮ್ಮೆ ವಡೆ ತಿನ್ನಬೇಕಾಯಿತು. ಬದುಕಿದ್ದಾಗ ಆತನಿಗೆ ಸಿಟಿ ಬಸ್ಸೆಂದರೆ ತಲೆಸುತ್ತು ಬರುತ್ತಿತ್ತು! ಜಗಳವಾಡಿದವರು ಮಣೆಯ ಮೇಲೆ ಕೂತಿದ್ದರು. ಮುಂಜಾವಿನಿಂದ ಒದ್ದೆ ಸೀರೆಯಲ್ಲಿ ಒಲೆಯ ಮುಂದೆ ನಿಂತವರು ಒಂದು ಮನೆಯಲ್ಲಿ ನನ್ನ ಅವ್ವ, ಇನ್ನೊಂದರಲ್ಲಿ ಕಾಕು. ಇದಕ್ಕೆ ಉತ್ತರ ಹೇಳಬೇಕಾದವರು ಯಾರು? ನಾನು ಎರಡೂ ಮನೆಗಳಲ್ಲಿ ಈ ಪ್ರಶ್ನೆಯನ್ನು ನೇರವಾಗಿ ಎತ್ತಿದೆ. ಅಪ್ಪ "ಅಂವನ್ನ ಕೇಳು" ಎಂದ. ಕಾಕಾ "ಅಂವನ್ನ ಕೇಳು" ಎಂದ. ನಕ್ಕ ಬಂಧುಗಳನ್ನು ಕೇಳಿದರೆ, "ಆ ದಿನ ಖೀರು ಭಾಳ ಛಲೋ ಆಗಿತ್ತು," ಎಂದರು. ಸರಕಾರಿ ಕಚೇರಿಗಳು ಈ ವಿದ್ಯೆಯನ್ನು ಎಲ್ಲಿಂದ ಕಲಿತವೆಂದು ನನಗೆ ಆಗ ಅರ್ಥವಾಯಿತು.

ಅಪ್ಪನಿಗೆ ಆ ದಿನಗಳಲ್ಲಿ ಇನ್ನೊಂದು ವಿಚಿತ್ರ ರೋಗ ಹಿಡಿದಿತ್ತು. ಶ್ರಾದ್ಧದ ದಿನ ತನ್ನ ಹಿಂದೆ ಒಂದು ಖಾಲಿ ಮಣೆ ಹಾಕಿಸುತ್ತಿದ್ದ. ಆಚಾರ್ಯರು ಜಾಗ ಕಂಡಿತೆಂದು ತಮ್ಮ ಚೀಲವನ್ನು ಅದರ ಮೇಲಿಟ್ಟರೆ, "ಚೀಲಾ ಕೆಳಗಿಡ್ರಿ ಆಚಾರ್ರ," ಎಂದು ಗದರುತ್ತಿದ್ದ. ಆಚಾರ್ಯರ ಚೀಲಕ್ಕೆ ಇಷ್ಟು ಅವಮಾನವೇಕೆಂದು ನಾನು ಕೇಳಿದ್ದಕ್ಕೆ, "ಮಣಿ ಹಳೇದು, ಮುರದೀತು," ಎಂದ. ಆ ತೇಗದ ಮಣೆಯ ಮೇಲೆ ಆನೆ ಕೂತರೂ ಮುರಿಯುವಂತಿರಲಿಲ್ಲ.

ಇತ್ತ ಕಾಕಾ ಒಂದನೆಯ ಭಾಗದ ಹುಡುಕಾಟವನ್ನು ಚುರುಕುಗೊಳಿಸಿದ. ರದ್ದಿ ಅಂಗಡಿಗಳನ್ನು ಜಾಲಾಡಿದ. ಹಿಂಜವಾಡಿಯ ಕಂಪನಿಗಳಿಂದ ಜಪಾನಿಗೆ ಹೋಗಿಬರುತ್ತಿದ್ದ ಪರಿಚಯದವರಿಗೆ ಪುಸ್ತಕದ ಚಿತ್ರ ಬರೆದುಕೊಟ್ಟ. ಒಬ್ಬ ಅದೇ ಮಾಲಿಕೆಯ ಎರಡನೆಯ ಭಾಗವನ್ನೇ ಮತ್ತೊಮ್ಮೆ ತಂದ. ಇನ್ನೊಬ್ಬ ಪುಸ್ತಕ ಸಿಗಲಿಲ್ಲವೆಂದು ಹಸಿರು ಚಹಾ ತಂದ. ಕಾಕು ಅದಕ್ಕೆ ಹಾಲು, ಸಕ್ಕರೆ, ಶುಂಠಿ ಹಾಕಿ ಕುದಿಸಿ ದಾರಿಗೆ ತಂದಳು. ಕಾಕಾ ಯಾಕೆ ಇಷ್ಟು ಹಾತೊರೆಯುತ್ತಿದ್ದಾನೆಂದು ನಮಗೆಲ್ಲ ಗೊತ್ತಿತ್ತು. ಆ ಇಬ್ಬರು ಮಾತಾಡಿದ್ದನ್ನು ಕಣ್ಣಾರೆ ಕಂಡರೆ ತಾನೂ ಮಾತಾಡಬಹುದೆಂಬ ಆಸೆ ಅದು. ಗೊತ್ತಿದ್ದೂ ಯಾರೂ ಬಾಯಿಬಿಡಲಿಲ್ಲ.

ಕೊನೆಗೆ ಅದು ಸಿಕ್ಕಿದ್ದು ನನಗೆ, ಪುಣೆಯ ಕ್ಯಾಂಪ್ ಪ್ರದೇಶದ ಹಳೆಯ ಪುಸ್ತಕದಂಗಡಿಯಲ್ಲಿ, ಇಂಗ್ಲಿಷ್ ಅನುವಾದದಲ್ಲಿ. ಅಂಗಡಿಯಲ್ಲೇ ನಿಂತು ಕಾಕಾನ ಪಾಲಿನ ಕೊನೆಯ ಪುಟವನ್ನು, ಅಂದರೆ ಕಥೆಯ ಮೊಟ್ಟಮೊದಲ ಪುಟವನ್ನು ತೆರೆದು ನೋಡಿದೆ. ಅದರಲ್ಲಿದ್ದವನು ಒಬ್ಬನೇ! ನದಿಯ ದಂಡೆಯ ಮೇಲೆ ಪುಟ್ಟ ಹುಡುಗನೊಬ್ಬ ದಾರಿಯ ಕಡೆ ನೋಡುತ್ತ ನಿಂತಿದ್ದಾನೆ. ಇನ್ನೊಬ್ಬ ಕಥೆಯೊಳಗೆ ಇನ್ನೂ ಬಂದಿಲ್ಲ. ಕಾಕಾನ ಓದಿನಲ್ಲಿ ಇದರ ಅರ್ಥವೇನಾಗುತ್ತದೆ? ಕಡೆಗೆ ಒಬ್ಬ ಹೊರಟುಹೋದ, ಇನ್ನೊಬ್ಬ ಒಂಟಿಯಾದ ಎಂದಲ್ಲವೇ? ಆ ಒಂದು ಹಾಳೆಯನ್ನು ಹರಿದುಬಿಡಲೇ ಎನ್ನಿಸಿತು. ಆದರೆ ಊರವರಿಂದೆಲ್ಲ ಲೆಕ್ಕ ಕೇಳುವವಳು ಒಂದು ಹಾಳೆಗೆ ಲೆಕ್ಕ ತಪ್ಪಿಸಬಹುದೇ? ಇದ್ದ ಹಾಗೆಯೇ ಒಯ್ದು ಕೊಟ್ಟೆ. ಶ್ರಾದ್ಧ ಆ ವಾರದಲ್ಲೇ ಇತ್ತು.

ಕಾಕಾ ಕೈ ತೊಳೆದು ಬಂದು ಎಡಗಡೆಯ ರಟ್ಟು ತೆಗೆದ. ಇಂಗ್ಲಿಷ್ ಪ್ರಕಾಶಕರು ಇಂಥವರಿಗೆಂದೇ ಆ ಜಾಗದಲ್ಲಿ ಎಚ್ಚರಿಕೆ ಅಚ್ಚುಮಾಡಿದ್ದರು: ನಿಲ್ಲಿ, ನೀವು ತಪ್ಪು ತುದಿಯಿಂದ ಶುರುಮಾಡುತ್ತಿದ್ದೀರಿ.

"ಇದೇನ್ ನಮ್ಮ ಅಣ್ಣ ಬರದಾನೇನು?" ಎಂದು ಕಾಕಾ ಪುಟ ತಿರುವಿದ.

ಈ ಸಲ ಮಾತುಗಳೂ ಓದಲು ಬರುತ್ತಿದ್ದುದರಿಂದ ಉತ್ತರ ಮೊದಲು, ಪ್ರಶ್ನೆ ಆಮೇಲೆ ಬಂದವು. ಕೇಳುವ ಮೊದಲೇ ಉತ್ತರ ಕೊಡುವ ಜನರನ್ನು ನಾನು ಕಂಡದ್ದು ಅದೊಂದೇ ಕಡೆ. ಇಬ್ಬರೂ ಹುಡುಗರು ಮಾತಾಡಿದರು, ಜಗಳವಾಡಿದರು, ನಕ್ಕರು, ಒಟ್ಟಿಗೆ ಮೀನು ಹಿಡಿದರು. ಕಾಕಾನ ಮುಖ ಅರಳುತ್ತ ಹೋಯಿತು. ಕೊನೆಯ ಪುಟ ಬಂತು. ಆತ ಅದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದ.

"ಒಬ್ಬನ ನಿಂತಾನಲ್ಲ."

"ಹೌದು, ಕಾಕಾ."

"ಆದ್ರ ಗಾಳದ ಕೋಲು ಎರಡು ಹಿಡಕೊಂಡಾನ."

ನಾನು ಬಾಗಿ ನೋಡಿದೆ. ಹೌದು, ಹುಡುಗನ ಕೈಯಲ್ಲಿ ಎರಡು ಕೋಲುಗಳಿದ್ದವು. ಅಂಗಡಿಯಲ್ಲಿ ನಾನು ಹುಡುಗರನ್ನಷ್ಟೇ ಎಣಿಸಿದ್ದೆ.

"ಇಂವಾ ಹಿರೇಂವ ಇರಬೇಕು," ಎಂದು ಕಾಕಾ ಪುಸ್ತಕ ಮುಚ್ಚಿದ.

ಶ್ರಾದ್ಧದ ದಿನ ನಮ್ಮ ಮನೆಯಲ್ಲಿ ಆಚಾರ್ಯರು ಆಗತಾನೇ ದರ್ಭೆ ಹರವಿ, ಮರೆತು ಚೀಲವನ್ನು ಆ ಮಣೆಯ ಮೇಲಿಟ್ಟು, ಅಪ್ಪನಿಂದ ಬೈಸಿಕೊಂಡು ಕೆಳಗಿಟ್ಟಿದ್ದರು. ಬಾಗಿಲಲ್ಲಿ ನೆರಳು ಕಂಡಿತು. ಕಾಕಾ ನಿಂತಿದ್ದ, ಕಂಕುಳಲ್ಲಿ ಮಡಿಯ ಧೋತರ. ಅವನ ಹಿಂದೆ ಕಾಕು, ಕೈಯಲ್ಲಿ ಮುಚ್ಚಿದ ಪಾತ್ರೆ. ಅವ್ವ ಅಡುಗೆಮನೆಯಿಂದ ಇಣುಕಿ, "ವಡೀ ಹಿಟ್ಟು ಇನ್ನೂ ರುಬ್ಬೂದದ, ಬಾ," ಎಂದಷ್ಟೇ ಹೇಳಿದಳು. ನಿನ್ನೆ ತಾನೆ ಬಂದುಹೋದವಳಂತೆ ಕಾಕು ಒಳಗೆ ನಡೆದಳು.

ಕಾಕಾ ಒಳಗೆ ಹೋಗಿ ಧೋತರ ಉಟ್ಟು ಬಂದ. ಕೋಣೆಯ ತುಂಬ ಜನರಿದ್ದರು. ಎಲ್ಲಿ ಕೂರಬೇಕೆಂದು ಯಾರೂ ಹೇಳಲಿಲ್ಲ. ಖಾಲಿ ಇದ್ದುದು ಒಂದೇ ಮಣೆ. ಆತ ಅದನ್ನು ನೋಡಿದ, ಅಪ್ಪನ ಬೆನ್ನನ್ನು ನೋಡಿದ, ಮೆಲ್ಲಗೆ ಕೂತ. ಅಪ್ಪ ತಿರುಗಿ ನೋಡದೆ ಕೈಯೊಳಗಿನ ದರ್ಭೆಯನ್ನು ಸರಿಮಾಡಿಕೊಂಡ.

ಆಚಾರ್ಯರು ಜನಿವಾರವನ್ನು ಬಲಹೆಗಲಿಗೆ ಬದಲಿಸಲು ಹೇಳಿದರು. ಅಪ್ಪ ಬಲಕ್ಕೆ ಬದಲಿಸಿದ. ಬಲಕ್ಕೇ ಹಾಕಿಕೊಂಡು ಕೂತಿದ್ದ ಕಾಕಾ ಶ್ರದ್ಧೆಯಿಂದ ಅದನ್ನು ಎಡಕ್ಕೆ ಬದಲಿಸಿದ. ಆಚಾರ್ಯರು ಕಾಕಾನ ಕಡೆ ಬೆರಳು ತೋರಿಸಿ ಬಾಯಿ ತೆರೆದರು. ಅಪ್ಪ ತಿರುಗಿ ತಮ್ಮನ ಹೆಗಲನ್ನು ನೋಡಿದ, ಮುಖವನ್ನು ನೋಡಿದ.

"ಇರ್ಲಿ ಬಿಡ್ರಿ ಆಚಾರ್ರ," ಎಂದ. "ಅಂವಾ ಆ ಕಡಿಂದ ಬರ್ತಾನ. ಬಂದು ಮುಟ್ಟತಾನ."