ಎರಡನೇ ಸಲ ಕೇಳಿದರೆ ಮಾತ್ರ

ಯಾರಾದರೂ ಏನಾದರೂ ಕೊಡಲು ಬಂದರೆ ಮೊದಲು ‘ಬೇಡ’ ಎನ್ನುವುದು ನನಗೆ ಹುಟ್ಟಿನಿಂದ ಬಂದ ರೋಗ. ಊರಿನ ಶಾಲೆಯಲ್ಲಿ ಮೇಷ್ಟ್ರು ಬಹುಮಾನದ ಪೆನ್ನು ಕೊಟ್ಟಾಗಲೂ ‘ಬೇಡ ಸಾರ್’ ಅಂದಿದ್ದೆ. ಅವರೇ ಬಲವಂತವಾಗಿ ಕೈಗಿಟ್ಟರು. ನಿಮ್ಮ ತಾತ ಹೆಣ್ಣು ನೋಡಲು ಬಂದಾಗ, ‘ಹುಡುಗ ಒಪ್ಪಿಗೆಯೇನಮ್ಮ?’ ಎಂದು ನಮ್ಮಪ್ಪ ಕೇಳಿದ್ದಕ್ಕೂ ತಲೆ ಅಡ್ಡಡ್ಡ ಆಡಿಸಿದ್ದೆ. ಪುಣ್ಯಕ್ಕೆ ಅವರು ಇನ್ನೊಂದು ಸಲ ಕೇಳಿದರು. ಇಲ್ಲದಿದ್ದರೆ, ಮಕ್ಕಳೇ, ಇದನ್ನು ಓದುವುದಕ್ಕೆ ನೀವೇ ಇರುತ್ತಿರಲಿಲ್ಲ.

ಈ ರೋಗ ಡಾಕ್ಟರಾದ ನಿಮ್ಮಮ್ಮ ಶಾಲಿನಿಗೂ ಅಂಟಿದೆಯೆಂದು ಗೊತ್ತಾದದ್ದು ನಾನು ಸ್ವೀಡನ್ನಿನ ಈ ವೆಸ್ಟೆರಾಸ್‌ಗೆ ಬಂದ ಮೇಲೆ. ಇಲ್ಲಿದ್ದು ಕೆಲಸ ಮಾಡಲು ಅವಳಿಗಿದ್ದ ಪರ್ಮಿಟ್ ಮುಗಿಯುತ್ತ ಬಂದಿತ್ತು. ಹೊಸದು ಬೇಕಾದರೆ ಎಲ್ಲರೂ ಗಂಟುಮೂಟೆ ಕಟ್ಟಿ ಊರಿಗೆ ಹೋಗಿ, ಅಲ್ಲಿಂದ ಅರ್ಜಿ ಹಾಕಿ ಕಾಯಬೇಕಂತೆ. ಆದರೆ ಡಾಕ್ಟರುಗಳು ಸಿಗದ ಕಡೆ, ‘ಇವರಿಲ್ಲದೆ ನಮಗೆ ನಡೆಯದು’ ಎಂದು ಆಸ್ಪತ್ರೆಯವರು ಬರೆದುಕೊಟ್ಟರೆ ವಿನಾಯಿತಿ ಉಂಟಂತೆ. ಅವಳ ಮೇಲಧಿಕಾರಿ ಇಂಗ್ರಿಡ್ ತಾವಾಗಿಯೇ ‘ಬರೆದುಕೊಡಲೇ?’ ಎಂದು ಕೇಳಿದರೆ, ಈ ಮಹರಾಯ್ತಿ ‘ಪರವಾಗಿಲ್ಲ, ನಿಮಗೇಕೆ ತೊಂದರೆ’ ಅಂದು ಬಂದಿದ್ದಳು!

“ಇನ್ನೊಂದ್ ಸಲ ಕೇಳ್ತಾರೆ ಅಂದ್ಕೊಂಡೆ ಅಮ್ಮಾ,” ಅಂದಳು ಸಪ್ಪಗೆ. “ಕೇಳ್ಲೇ ಇಲ್ಲ. ಓಕೆ ಅಂತ ಹೊರಟೇ ಹೋದ್ರು.”

“ನೀನೇ ಹೋಗಿ ಕೇಳೇ.”

“ಬೇಡ ಅಂದವಳು ಯಾವ ಮುಖ ಇಟ್ಕೊಂಡು ಕೇಳ್ಲಿ?”

ನನ್ನ ಮಗಳೇ ಸರಿ, ಬೈಯುವುದಾದರೂ ಯಾರನ್ನು? ನಿಮ್ಮಪ್ಪ ಸೂಟ್‌ಕೇಸುಗಳನ್ನು ಕೆಳಗಿಳಿಸಿದರು.

ಮೊದಲೇ ಕರೆದಿದ್ದರಿಂದ ಆ ಶನಿವಾರ ಇಂಗ್ರಿಡ್ ಮನೆಗೆ ಬಂದರು. ನಾನು ಕೋಡುಬಳೆ ಕರಿದಿದ್ದೆ. ಎರಡು ತಿಂದು ಸಾಕೆಂದರು. ಸಾಕೆಂದವರ ತಟ್ಟೆಗೆ ಇನ್ನಷ್ಟು ಹಾಕದಿದ್ದರೆ ನಮ್ಮ ಮರ್ಯಾದೆ ಏನಾಗಬೇಕು? ಮತ್ತೆರಡು ಹಾಕಿದೆ. ಕೈ ಅಡ್ಡ ಹಿಡಿದರು. ಬೆರಳ ಸಂದಿಯಲ್ಲೇ ಇನ್ನೊಂದು ಇಳಿಸಿದೆ.

“ಅಜ್ಜೀ, ಸ್ಟಾಪ್! ಅವ್ರು ನೆಯ್ ಅಂದ್ರು. ನೆಯ್ ಅಂದ್ರೆ ಬೇಡ!” ಎಂದು ಇಳಾ, ನೀನೇ ಕಿರುಚಿದ್ದು.

ಇದೇನೆಂದು ಇಂಗ್ರಿಡ್ ಕೇಳಿದಾಗ ಶಾಲಿನಿ ನಾಚಿಕೊಂಡೇ ವಿವರಿಸಿದಳು: ನಮ್ಮ ಕಡೆ ಮೊದಲ ‘ಬೇಡ’ ಬರೀ ಮರ್ಯಾದೆಗೆ, ಕೊಡುವವರು ಮತ್ತೆ ಕೇಳಬೇಕು. ಇಂಗ್ರಿಡ್ ಕಚ್ಚಿದ್ದ ಕೋಡುಬಳೆಯನ್ನು ಕೆಳಗಿಟ್ಟು ಅವಳನ್ನೇ ನೋಡಿದರು. ಆಮೇಲೆ ಅವರಾಡಿದ್ದನ್ನು, ಇಳಾ, ನೀನೇ ನನ್ನ ಕಿವಿಯಲ್ಲಿ ಕನ್ನಡದಲ್ಲಿ ಹೇಳಿದೆ: “ಹಾಗಾದ್ರೆ ಆವತ್ತಿನ ಬೇಡಾನೂ ಇದೇನಾ? ಈಗ ಮತ್ತೆ ಕೇಳ್ತೀನಿ. ಬರೆದುಕೊಡ್ಲಾ?”

ಶಾಲಿನಿ ಬಾಯಿ ತೆರೆದಳು. “ಅಯ್ಯೋ, ನೋ ನೋ, ಪ್ಲೀಸ್...”

ಮೇಜಿನ ಕೆಳಗೆ ಅವಳ ತೊಡೆ ಜಿಗುಟಿದೆ. ಹೊರಗಿನವರೆದುರು ಉಸಿರೂ ಬಿಡದ ನಾನು ಎದ್ದು ನಿಂತು, “ಬೇಕು! ಬೇಕೇ ಬೇಕು! ಯಾ, ಯಾ!” ಎಂದು ನನಗೆ ಬರುವ ಸ್ವೀಡಿಷ್ಷನ್ನೆಲ್ಲ ಖರ್ಚು ಮಾಡಿ ಕೂಗಿದೆ. ಇಂಗ್ರಿಡ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಸೋಮವಾರವೇ ಬರೆದುಕೊಟ್ಟರು. ವಿನಾಯಿತಿ ಸಿಕ್ಕಿತು, ನಾವೆಲ್ಲ ಇಲ್ಲೇ ಉಳಿದೆವು.

ತೊಂದರೆಯೆಂದರೆ, ಇಂಗ್ರಿಡ್ ಪಾಠವನ್ನು ಬಹಳ ಚೆನ್ನಾಗಿ ಕಲಿತುಬಿಟ್ಟರು. ಈಗ ಅವರ ಮನೆಗೆ ಹೋದಾಗ ಹಾಲಿಲ್ಲದ ಆ ಕಷಾಯದಂಥ ಕಾಫಿಗೆ ನಾನು ಬೇಡವೆಂದಷ್ಟೂ, ‘ಗೊತ್ತು, ಗೊತ್ತು’ ಎಂದು ಕಣ್ಣು ಮಿಟುಕಿಸಿ ಇನ್ನಷ್ಟು ಸುರಿಯುತ್ತಾರೆ. ನಿಜವಾಗಿಯೂ ಬೇಡವಾದಾಗ ಹೇಗೆ ಹೇಳಬೇಕೆಂದು ಈ ವಯಸ್ಸಿನವರೆಗೂ ನಾನು ಕಲಿತೇ ಇಲ್ಲ, ಕುಡಿದು ಬರುತ್ತೇನೆ.