ಬಡಿಸುವ ಯಂತ್ರಕ್ಕೆ ಇಬ್ಬರು ಯಜಮಾನರು

ದೇವರು ನನಗೆ ಮೂರು ಭಾಷೆ ಕೊಟ್ಟಿದ್ದಾನೆ. ಮೂರನ್ನೂ ಬೇರೆ ಬೇರೆ ಡಬ್ಬಿಯಲ್ಲಿಡುವ ಬುದ್ಧಿಯನ್ನು ಮಾತ್ರ ಕೊಡಲಿಲ್ಲ. ಮೈಸೂರಿನಿಂದ ಮುಂಬಯಿಯ ಕುರ್ಲಾದ ಒಂದೇ ಕೋಣೆಗೆ ಬಂದವಳು ನಾನು. ಹಾಲು ಕಾಯುವಷ್ಟು ಹೊತ್ತು ನಲ್ಲಿಯಲ್ಲಿ ನೀರು ಬಂದರೂ ಆ ದೇವರಿಗೊಂದು ನಮಸ್ಕಾರ ಹಾಕುತ್ತೇನೆ. ಹಾಗಾಗಿ ಇದನ್ನು ದೂರೆಂದು ತಿಳಿಯಬೇಡಿ.

ಆ ಭಾನುವಾರ ನಮ್ಮವರು ವಿಕ್ರೋಳಿಯ ಆಫೀಸಿನ ಕಂಪ್ಯೂಟರನ್ನು ಹಸುಗೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಟ್ಯಾಕ್ಸಿಯಲ್ಲಿ ತಂದರು. ಮಾರನೆಯ ದಿನ ಬಾಂದ್ರಾದ ಗಿರಾಕಿಯ ಮುಂದೆ ಅದನ್ನು ನಡೆಸಿ ತೋರಿಸಿದರೆ ಅವರ ಕೆಲಸ ಕಾಯಂ. ಇಲ್ಲವಾದರೆ ಗಂಟುಮೂಟೆ ಕಟ್ಟಬೇಕು. ಅದರೊಳಗಿನ ಪ್ರೋಗ್ರಾಮಿಗೆ ಸರ್ವರ್ ಎಂದು ಹೆಸರು. "ಹಾಗಂದ್ರೇನು?" ಎಂದೆ. "ಬೇರೆ ಕಂಪ್ಯೂಟರುಗಳು ಕೇಳಿದ್ದನ್ನ ಬಡಿಸೋದು ಕಣೇ."

ಬಡಿಸುವವರ ಕಷ್ಟ ನನಗೆ ಹೇಳಬೇಕೆ? ನಮ್ಮ ನಾದಿನಿಯ ಮದುವೆಯಲ್ಲಿ ಒಬ್ಬ ಮಾವ "ಪಾಯಸ ತಾರಯ್ಯಾ" ಎಂದರು, ಇನ್ನೊಬ್ಬರು "ಸಾರು ಮೊದಲು" ಎಂದರು. ಪಾಪ, ಬಡಿಸುವಾತ ಪಂಕ್ತಿಯ ನಡುವೆ ಪಾತ್ರೆ ಹಿಡಿದು ನಿಂತೇಬಿಟ್ಟ. ಈ ಯಂತ್ರದ್ದೂ ಅದೇ ಗತಿ. ಅದಕ್ಕೆ ಅಪ್ಪಣೆ ಕೊಡುವ ಫೈಲುಗಳು ಎರಡು: ನಿನ್ನೆಯ ಪರೀಕ್ಷೆಗೆ ಬರೆದದ್ದೊಂದು, ನಾಳೆಗೆಂದು ಬರೆದದ್ದೊಂದು. ಒಂದು ಹೂಂ ಎಂದಲ್ಲಿ ಇನ್ನೊಂದು ಊಹೂಂ. ಯಾವುದನ್ನು ಅಳಿಸಿದರೂ ಯಂತ್ರ ನಡೆಯುತ್ತದಂತೆ. ಆದರೆ ಬಾಂದ್ರಾದ ಯಂತ್ರಗಳಿಗೆ ಯಾವುದು ಹೊಂದುತ್ತದೆಂದು ಬಲ್ಲವರು ಸಹೋದ್ಯೋಗಿ ಶಿಂದೆ ಒಬ್ಬರೇ. ಅವರು ಪುಣೆಗೆ ಹೊರಟವರು, ನಮ್ಮ ಕೆಳಗಿನ ಕಿರಾಣಿ ಅಂಗಡಿಗೆ ಫೋನು ಮಾಡಿ ನಮ್ಮವರಿಗೆ "ಕಾಲ್‌ಚೀಚ್ ಠೇವ್!" ಎಂದರಂತೆ. ಲೈನು ಕಟ್.

"ಕಲ್ ಅಂದ್ರೆ ನಾಳೆ ತಾನೆ? ನಾಳೇದೇ ಇಟ್ಕೋ ಅಂದ," ಎನ್ನುತ್ತ ನಮ್ಮವರು ಇನ್ನೊಂದನ್ನು ಅಳಿಸಲು ಕೂತರು.

"ರೀ, ಹಿಂದಿಯಲ್ಲಿ ಕಲ್ ಅಂದ್ರೆ ನಿನ್ನೇನೂ ಹೌದಲ್ಲ?"

"ನಾಳೆಯ ಕೆಲಸಕ್ಕೆ ನಿನ್ನೇದು ಯಾಕೆ? ಉಪ್ಪಿಟ್ಟಾ ಇದು, ಬಿಸಿ ಮಾಡಿ ಬಡಿಸೋಕೆ?"

ಆದರೂ ಕೀಲಿ ಒತ್ತದೆ ನನ್ನ ಮುಖ ನೋಡಿದರು. ನಾನು ಗಣಪತಿಗೆ ಮಂಗಳವಾರದ ಪಾಯಸ ಹರಸಿಕೊಂಡು ಪಕ್ಕದ ಮನೆಯ ಮರಾಠಿ ಮಾವಶಿಯ ಬಾಗಿಲು ತಟ್ಟಿದೆ. ಕೇಳಿದ್ದೇ ತಡ, ಆಕೆ ಬಿದ್ದು ಬಿದ್ದು ನಕ್ಕರು.

"ಅಗ ಬಾಯಿ, ಶಿಂದೆ ಮರಾಠಿ ಬೋಲಾ! ಹಿಂದೀ ಕಾ 'ಕಲ್' ಆಗೇ ಭೀ, ಪೀಛೇ ಭೀ. ಹಮಾರಾ 'ಕಾಲ್' ಖಾಲೀ ಪೀಛೇ!" ಎಂದು ಹೆಬ್ಬೆರಳನ್ನು ಬೆನ್ನ ಹಿಂದಕ್ಕೆ ತೋರಿಸಿದರು. ಮರಾಠಿಯ 'ಕಾಲ್' ಅಂದರೆ ಬರೀ ನಿನ್ನೆ; ನಾಳೆಗೆ ಅವರಲ್ಲಿ 'ಉದ್ಯಾ' ಎನ್ನುತ್ತಾರಂತೆ.

ನಿನ್ನೆಯದು ಉಳಿಯಿತು, ನಾಳೆಯದು ಹೋಯಿತು. ಸೋಮವಾರ ಸಂಜೆ ನಮ್ಮವರು ಪೇಡೆಯ ಪೊಟ್ಟಣ ಹಿಡಿದು, "ಕಾಯಂ ಕಣೇ! ಉಪ್ಪಿಟ್ಟೇ ಗೆದ್ದಿತು!" ಎಂದು ಬಾಗಿಲಲ್ಲೇ ಕೂಗಿದರು. ಇಡೀ ಮಹಡಿಗೆ ಪೇಡೆ ಹಂಚಿದ್ದಾಯಿತು.

ಆ ಸಂಭ್ರಮದಲ್ಲಿ ಹಾಲಿನವನಿಗೆ ನನ್ನ ಹೊಸ ಮರಾಠಿ ತೋರಿಸದೆ ಇರುವುದುಂಟೇ? ಮರುದಿನದ ಪಾಯಸಕ್ಕೆ ಎರಡು ಲೀಟರ್ ಹಾಲು ಬೇಕಲ್ಲ. "ಕಾಲ್ ದೋನ್ ಲೀಟರ್ ಪಾಹಿಜೆ," ಎಂದು ಗತ್ತಿನಿಂದ ಹೇಳಿದೆ. ಅವನು ನನ್ನನ್ನೇ ಒಂದು ಗಳಿಗೆ ನೋಡಿ, "ಕಾಲ್ ತರ್ ಗೇಲಾ, ವಹಿನಿ," ಎಂದ. ನಿನ್ನೆ ಕಳೆದೇಹೋಯಿತಲ್ಲ ಎಂದನೆಂದು ಆಗ ಹೊಳೆಯಲಿಲ್ಲ, ನಾನೂ ತಲೆಯಾಡಿಸಿದೆ.

ಮಂಗಳವಾರ ಎಂದಿನ ಅರ್ಧ ಲೀಟರೇ ಬಂತು. ಗಣಪತಿಯ ಮುಂದೆ ಪುಟ್ಟ ಬಟ್ಟಲಲ್ಲಿ ಪಾಯಸವಿಟ್ಟು, ಉಳಿದದ್ದು ನಾಳೆ ಎಂದು ಕೈಮುಗಿದೆ. ಕನ್ನಡದಲ್ಲೇ ಹೇಳಿದೆ.