ಕೊನೆಗೊಂದು ಓ

ಮೂವತ್ತಾರನೆಯ ವಯಸ್ಸಿಗೆ, ಹನ್ನೊಂದು ಮನೆಯಲ್ಲಿ ಉಪ್ಪಿಟ್ಟು ತಿಂದ ಮೇಲೆ, ವಿದ್ಯಾಧೀಶನಿಗೆ ಮದುವೆ ಗೊತ್ತಾಗಿತ್ತು. ಇನ್ನು ಇಪ್ಪತ್ತೇ ದಿನ ಉಳಿದಿತ್ತು. ಹೊಸಪೇಟೆಯಲ್ಲಿ ಅವನದು ಸ್ಪೋಕನ್ ಇಂಗ್ಲಿಷ್ ಕ್ಲಾಸು. ಕಂಡವರ ಉಚ್ಚಾರ ತಿದ್ದುವುದು ಅವನಿಗೆ ಹೊಟ್ಟೆಪಾಡೂ ಹೌದು, ಚಟವೂ ಹೌದು. ಹಿಂದಿನ ಎರಡು ಸಂಬಂಧ ಮುರಿದದ್ದೇ ಮಾವನಾಗಬೇಕಿದ್ದವರ ಇಂಗ್ಲಿಷ್ ತಿದ್ದಿದ್ದಕ್ಕೆ. ಆದ್ದರಿಂದ ಈ ಸಲ ಮಾಧವಿ ಏನು ಕೇಳಿದರೂ ಇಲ್ಲ ಅನ್ನಬಾರದೆಂದು ನಿಶ್ಚಯಿಸಿದ್ದ.

ತೋರಣಗಲ್ಲಿನ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದ ಮಾಧವಿ ಕಂಪನಿ ಬಸ್ಸಿನಿಂದ ಫೋನು ಮಾಡಿ ಕೇಳಿದ್ದು ಒಂದೇ. ಆರತಕ್ಷತೆಯ ದಿನ ಟ್ಯಾಂಗೋ ಆಗಲೇಬೇಕು. ಇಬ್ಬರೂ ಜೋಡಿಯಾಗಿ, ಊರೆಲ್ಲ ನೋಡುವ ಹಾಗೆ. ಇಲ್ಲದಿದ್ದರೆ ಆರತಕ್ಷತೆಗೆ ತಾನು ಬರುವುದೇ ಇಲ್ಲ.

ಟ್ಯಾಂಗೋ ಅಂದರೆ ಅರ್ಜೆಂಟೀನಾದ ಜೋಡಿ ಕುಣಿತ ಎಂಬುದು ವಿದ್ಯಾಧೀಶನಿಗೆ ಗೊತ್ತಿತ್ತು. ಆದರೆ ಅವನು ಹುಟ್ಟಿದಾಗಿನಿಂದ ಕುಣಿದದ್ದು ಒಮ್ಮೆ ಮಾತ್ರ, ಅಂಗಿಯೊಳಗೆ ಕಟ್ಟಿರುವೆ ಹೊಕ್ಕಾಗ. ಪುಣ್ಯಕ್ಕೆ, ನಲವತ್ತು ವರ್ಷ ಟ್ಯಾಂಗೋ ಕಲಿಸಿದ ರೌಲ್ ಮತ್ತು ಎಲ್ಸಾ ಎಂಬ ಆ ದೇಶದ ದಂಪತಿ ಹಂಪಿ ನೋಡಲು ಬಂದು ಕಡ್ಡಿರಾಂಪುರದ ಹೋಂಸ್ಟೇಯಲ್ಲಿ ಇಳಿದಿದ್ದರು. ಬೆಳಿಗ್ಗೆ ಅಂಗಳದಲ್ಲಿ ಬಂದವರಿಗೆ ಕಲಿಸುತ್ತಾರೆಂಬ ಸುದ್ದಿಯೂ ಇತ್ತು.

ಶನಿವಾರ ಬೆಳಿಗ್ಗೆ ಬೂಟಿಗೆ ಪಾಲಿಶ್ ಹಾಕಿಕೊಂಡು ಹೊರಟವನನ್ನು ಎದುರುಮನೆಯ ಸೀತಾಬಾಯಿ ತಡೆದರು. ಬೀದಿಯಲ್ಲಿ ಬೆಕ್ಕು ಹೊರಟರೂ ಎಲ್ಲಿಗೆಂದು ಕೇಳುವ ಹೆಂಗಸು.

"ಎಲ್ಲಿಗೆ ಹೊಂಟಿಯೋ ವಿದ್ಯಾಧೀಶಾ, ಬೂಟಿನಾಗ ಮಾರಿ ಕಾಣೂ ಹಂಗ ತಿಕ್ಕೊಂಡು?"

"ಕಡ್ಡಿರಾಂಪುರಕ್ಕ, ಪರದೇಶದವರ ಹತ್ರ ಟ್ಯಾಂಗೋ ಕಲೀಲಿಕ್ಕೆ, ಸೀತತ್ತಿ."

"ಟಾಂಗಾ? ಎಂ.ಎ. ಓದಿ ಕುದುರಿ ಗಾಡಿ ಹೊಡೀತಿ?"

"ಟಾಂಗಾ ಅಲ್ಲತ್ತಿ, ಟ್ಯಾಂಗೋ! ಕೊನಿಗೆ ಓ ಬರ್ತದ, ಓ!"

"ಹೂಂ, ಗೊತ್ತದ. ಹೋ ಅಂದ್ರ ಕುದುರಿ ನಿಲ್ತದ."

"ಹೋ ಅಲ್ಲ, ಓ! ಬಾಯಿ ಗುಂಡಗ ಮಾಡ್ರಿ."

"ಹೋ," ಎಂದರು ಸೀತಾಬಾಯಿ ಬಾಯಿ ಗುಂಡಗೆ ಮಾಡಿ. ವಿದ್ಯಾಧೀಶ ಹಣೆ ಚಚ್ಚಿಕೊಂಡು ಸ್ಕೂಟರ್ ಹತ್ತಿದ. ಅವನು ತಿರುವು ದಾಟುವ ಮೊದಲೇ ಸೀತಾಬಾಯಿ ಮಲಪನಗುಡಿಯ ದುರುಗಣ್ಣನಿಗೆ ಫೋನು ಹಚ್ಚಿದ್ದರು. ಸುತ್ತಲ ಊರುಗಳಲ್ಲಿ ಟಾಂಗಾ ಅಂತ ಉಳಿದಿದ್ದರೆ ಅದು ಅವನದೊಂದೇ.

"ಏ ದುರುಗಾ, ನೀ ಇರಬೇಕಾದ್ರ ನಮ್ಮ ಹುಡುಗ ಟಾಂಗಾ ಕಲೀಲಿಕ್ಕೆ ಪರದೇಶದವರ ಕಾಲು ಹಿಡೀಲಿಕ್ಕೆ ಹೋಗ್ಯಾನ. ನಾಚಿಕಿ ಬರಂಗಿಲ್ಲೇನು ನಿನಗ?"

ಕಡ್ಡಿರಾಂಪುರದಲ್ಲಿ ವಿದ್ಯಾಧೀಶ ಕಾಲು ಹಿಡಿದಿರಲಿಲ್ಲ, ತುಳಿದಿದ್ದ. ನಾಲ್ಕನೆಯ ಸಲ. ರೌಲ್ ಅವನಿಗೆ ಮುಕ್ಕಾಲು ಗಂಟೆ ಬರೀ ನಡೆಯುವುದನ್ನು ಕಲಿಸಿ, ಈಗ ಹೆಂಡತಿಯ ಎದುರು ನಿಲ್ಲಿಸಿದ್ದ. ಅರವತ್ತೈದರ ಎಲ್ಸಾ ಅವನ ತೋಳಿನೊಳಗೆ ನಿಂತು, ತನ್ನ ಮುರುಕು ಇಂಗ್ಲಿಷಿನಲ್ಲಿ, ಕೈಯಿಂದ ಎಳೆಯಬೇಡ, ಎದೆಯಿಂದ ದಾರಿ ತೋರಿಸು ಎಂದಳು. "ಅದಕ್ಕೂ ಮೊದಲು ಎದುರಿನವಳು ಏನು ಹೇಳುತ್ತಾಳೋ ಗಮನವಿಟ್ಟು ಕೇಳು. ಲೀಸನ್!"

"ಲೀಸನ್ ಅಲ್ಲ ಮೇಡಂ, ಲಿಸನ್," ಎಂದು ತಿದ್ದಿ ವಿದ್ಯಾಧೀಶ ಐದನೆಯ ಸಲ ತುಳಿದ.

ಅಷ್ಟರಲ್ಲಿ ಕಾಂಪೌಂಡಿನ ಮೇಲಿಂದ ಎರಡು ಮುಖ ಇಣುಕಿದವು. ಒಂದು ಕುದುರೆಯದು, ಇನ್ನೊಂದು ದುರುಗಣ್ಣನದು.

"ಸಾರ್! ಮುದುಕಮ್ಮನ್ನ ಯಾಕ ಹಂಗ ತಬ್ಬಿಕ್ಯಂಡೀರಿ? ಬಿಡ್ರಿ, ಬಂದು ಲಗಾಮು ಹಿಡೀರಿ. ಒಂದ್ ವಾರದಾಗ ಕಲಿಸ್ತೀನಿ. ನಮ್ ರಾಣಿ ಭಾಳ ಸಮಾಧಾನದಾಕಿ."

ಉಳಿದ ಶಿಷ್ಯರು ಕಿಸಕ್ಕೆಂದರು. ವಿದ್ಯಾಧೀಶನ ಮುಖ ಕೆಂಪು ಮೆಣಸಿನಕಾಯಿಯಾಯಿತು. "ನನಗ ಟಾಂಗಾ ಬ್ಯಾಡೋ ಮಾರಾಯ! ಈ ಜನ್ಮದಾಗ ಬ್ಯಾಡ!"

ಆದರೆ ರೌಲ್ ಮತ್ತು ಎಲ್ಸಾ ಆಗಲೇ ಗಾಡಿ ಹತ್ತಿ ಕುಳಿತಿದ್ದರು. ಇದರ ಹೆಸರೇನು ಎಂದು ಕೇಳಿದರು. ಟಾಂಗಾ ಎಂದೊಡನೆ ಚಪ್ಪಾಳೆ ತಟ್ಟಿದರು. ಊರಿಗೆ ಮರಳುವವರೆಗೆ, ಅಂದರೆ ಒಂದು ತಿಂಗಳು, ಈ ಗಾಡಿ ತಮಗೇ ಇರಲಿ ಎಂದರು. ಪೀಡೆ ತೊಲಗಿದರೆ ಸಾಕೆಂದು ವಿದ್ಯಾಧೀಶನೇ ದುಭಾಷಿಯಾಗಿ ನಿಂತ.

"ನೋಡು ದುರುಗಣ್ಣ, ತಿಂಗಳು ಪೂರ್ತಿ ಇವರಿಗೇ. ನನ್ನ ಕಡೆ ಸುಳೀಬ್ಯಾಡ. ಯಾರೇ ಕೇಳಿದ್ರೂ ಕೊಡಬ್ಯಾಡ. ಆಣಿ ಮಾಡು."

"ಹುಲಿಗೆಮ್ಮನಾಣಿ ಸಾರ್, ಯಾರಿಗೂ ಕೊಡಂಗಿಲ್ಲ."

ಸಂಜೆ ಆರಕ್ಕೆ ಹೊಸಪೇಟೆ ಬಸ್‌ಸ್ಟ್ಯಾಂಡಿನ ಬಳಿ ಕಂಪನಿ ಬಸ್ಸಿನಿಂದ ಮಾಧವಿ ಇಳಿದಳು. ವಿದ್ಯಾಧೀಶ ಎಡಗೈ ಮೇಲೆತ್ತಿ, ಬಲಗೈಯಿಂದ ಗಾಳಿಯನ್ನು ತಬ್ಬಿ, ಎದೆ ಮುಂದು ಮಾಡಿ ಎರಡು ಹೆಜ್ಜೆ ಬಂದ. ಮಿರ್ಚಿ ಗಾಡಿಯವನು ಜಾರೆ ಹಿಡಿದುಕೊಂಡೇ ನೋಡಿದ.

"ಏನ್ರೀ ಇದು? ಸೊಂಟ ಹಿಡಕೊಂಡದೇನು?"

"ಟ್ಯಾಂಗೋ! ನೀ ಕೇಳಿದ್ದಿಯಲ್ಲ? ಇವತ್ತಿಂದ ಕಲೀಲಿಕ್ಕತ್ತೀನಿ."

"ಕುಣಿಯೋದಾ? ಊರ ಮುಂದ ಕುಣೀರಿ ಅಂತ ನಿಮಗ್ಯಾರು ಹೇಳಿದ್ರು? ನಮ್ಮಜ್ಜಿ ಮದಲಗಿತ್ತಿಯಾಗಿ ಈ ಊರಿಗೆ ಬಂದದ್ದು ಟಾಂಗಾದಾಗ. ನಾವೂ ಹಂಗೇ ಜೋಡೀಲೆ ಟಾಂಗಾದಾಗ ಮೆರವಣಿಗಿ ಹೋಗಬೇಕು ಅಂದೆ."

"ನೀ ಟ್ಯಾಂಗೋ ಅಂದಿ!"

"ನಾ ಟಾಂಗಾ ಅಂದೆ. 'ಟಾಂಗಾ ಅನಬಾರದು, ಟ್ಯಾಂಗೋ ಅನಬೇಕು' ಅಂತ ತಿದ್ದಿದವರು ನೀವು. ಮಾಸ್ತರು ಹೇಳ್ಯಾರ, ಇಂಗ್ಲಿಷಿನಾಗ ಟಾಂಗಾಕ್ಕ ಹಂಗೇ ಅಂತಾರೇನೋ ಅಂತ ಸುಮ್ಮನಾದೆ." ಮಾಧವಿ ಸೆರಗು ಸರಿಮಾಡಿಕೊಂಡಳು. "ಟಾಂಗಾ ಇಲ್ಲಂದ್ರ ನಾ ಬರಂಗಿಲ್ಲ. ಹೇಳೀನಿ."

ಆಗಲೇ ಗೆಜ್ಜೆ ಸದ್ದಾಯಿತು. ರೌಲ್, ಎಲ್ಸಾ ಮಹಾರಾಜ ಮಹಾರಾಣಿಯರ ಹಾಗೆ ಕುಳಿತ ಟಾಂಗಾ ಪಕ್ಕದಲ್ಲೇ ಹಾದುಹೋಯಿತು. ವಿದ್ಯಾಧೀಶ ಹಿಂದೆ ಓಡಿದ.

"ದುರುಗಣ್ಣಾ! ಮದುವಿಗೆ ಒಂದ್ ದಿನ ಗಾಡಿ ಕೊಡೋ!"

"ಹುಲಿಗೆಮ್ಮನಾಣಿ ಹಾಕ್ಸೀರಿ, ಮರ್ತು ಬಿಟ್ರ್ಯಾ?" ದುರುಗಣ್ಣ ಲಗಾಮು ಸಡಿಲಿಸಿದ. ಗುರುವಿಗೆ ತೋರಿಸಲು ಶಿಷ್ಯ ಓಡಿಬರುತ್ತಿದ್ದಾನೆಂದು ತಿಳಿದ ಎಲ್ಸಾ, ಹೆಜ್ಜೆ ಈಗ ಚೆನ್ನಾಗಿ ಬೀಳುತ್ತಿದೆ ಎಂದು ಚಪ್ಪಾಳೆ ತಟ್ಟಿದಳು.

ಉಳಿದದ್ದು ಕುದುರೆಯೊಂದೇ. ವಿದ್ಯಾಧೀಶ ಬಾಯಿ ಗುಂಡಗೆ ಮಾಡಿ, ಇದ್ದ ಉಸಿರೆಲ್ಲ ಒಟ್ಟುಮಾಡಿ ಕೂಗಿದ: "ಓ! ಓ! ಓ!"

ರಾಣಿ ಕಿವಿ ಸಹ ಅಲುಗಿಸಲಿಲ್ಲ. ತಿರುವಿನಲ್ಲಿ ದುರುಗಣ್ಣ ಹಿಂದಕ್ಕೆ ತಿರುಗಿ ಕೂಗಿದ:

"ಓ ಅಲ್ರೀ ಸಾರ್, ಹೋ! ಹೋ ಅನ್ಬೇಕು! ಉಚ್ಚಾರ ಸರಿ ಮಾಡ್ಕಳ್ರಿ!"